ರೀಫ್ ಟ್ಯಾಂಕಿಗೆ ಮನೆಯಲ್ಲೇ ಕಟ್ಟಿದ ಎಲ್‌ಇಡಿ ದೀಪ: ಕೆಟ್ಟಾಗ ಎಲ್ಲಿಂದ ಹುಡುಕಬೇಕು

ಕಾರವಾರದಿಂದ ಭಟ್ಕಳದವರೆಗಿನ ಮನೆಗಳಲ್ಲಿ ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಯ, ಮೇಲೆ ತೂಗುವ ದೀಪಕ್ಕೆ ಎರಡು ಕಡೆಯಿಂದ ಉಪ್ಪು ತಾಗುತ್ತದೆ. ಕೆಳಗಿನಿಂದ ಟ್ಯಾಂಕಿನ ನೀರು ಸಿಡಿಯುತ್ತದೆ, ಕಿಟಕಿಯಿಂದ ಕಡಲಗಾಳಿ ಬೀಸುತ್ತದೆ. ಶಿರಸಿ, ಸಿದ್ದಾಪುರದ ಕಡೆ ಕಡಲಗಾಳಿ ಇಲ್ಲ ನಿಜ. ಆದರೆ ಆರಿದ್ರಾ ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗದ ತೇವ ಅಲ್ಲಿದೆ, ವೈರಿನ ಮೇಲೆ ಕೂತ ಉಪ್ಪು ಆ ತೇವವನ್ನು ಹೀರಿಕೊಂಡು ಸದಾ ಒದ್ದೆಯಾಗಿರುತ್ತದೆ. ಹಾಗಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ದೀಪ ಕೆಟ್ಟರೆ ಮೊದಲು ಅನುಮಾನಪಡಬೇಕಾದದ್ದು ಎಲ್‌ಇಡಿಯ ಮೇಲಲ್ಲ. ಕನೆಕ್ಟರ್, ಬೆಸುಗೆ, ಫ್ಯಾನು, ಅರ್ಥಿಂಗ್ ಇವೆಲ್ಲ ನೋಡಿಯಾದ ಮೇಲೆ ಎಲ್‌ಇಡಿಯ ಸರದಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ: ಮೊದಲು ಹೊಸ ಎಲ್‌ಇಡಿ ತರಿಸುತ್ತಾರೆ, ಅದು ಬಂದು ತಲುಪುವ ಹೊತ್ತಿಗೆ ಹವಳ ಸೊರಗಿರುತ್ತದೆ, ಹಾಕಿದ ಮೇಲೂ ದೀಪ ಹತ್ತುವುದಿಲ್ಲ.

ಇಲ್ಲಿ ಕೊಟ್ಟ ಅಂಕಿಗಳೆಲ್ಲ ಒಂದು ಮಾದರಿ ದೀಪಕ್ಕೆ ಸೇರಿದವು. 60 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ, ಸುಮಾರು 120 ಲೀಟರಿನ ಟ್ಯಾಂಕ್. 20 ಮಿ.ಮೀ. ಅಲ್ಯೂಮಿನಿಯಂ ಸ್ಟಾರ್ (ಎಲ್‌ಇಡಿ ಕೂರಿಸಿದ ನಕ್ಷತ್ರಾಕಾರದ ಬಿಲ್ಲೆ) ಮೇಲಿನ 3 ವ್ಯಾಟ್ ದರ್ಜೆಯ 24 ಎಲ್‌ಇಡಿ, 12ರಂತೆ ಎರಡು ಸಾಲು. ಒಂದು ಸಾಲು ಪೂರ್ತಿ 450 ನ್ಯಾನೋಮೀಟರಿನ ರಾಯಲ್ ಬ್ಲೂ. ಇನ್ನೊಂದರಲ್ಲಿ 6500 ಕೆಲ್ವಿನ್‌ನ 8 ಬಿಳಿ, 4 ನೇರಳೆ. ಪ್ರತಿ ಸಾಲಿಗೂ 700 ಮಿಲಿಆಂಪಿನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಕರೆಂಟನ್ನು ಒಂದೇ ಸಮ ಹಿಡಿಯುವ ಸಾಧನ, ಮೀನ್‌ವೆಲ್ ಎಲ್‌ಡಿಡಿ-700ಎಚ್ ತರಹದ್ದು), ಎರಡಕ್ಕೂ ಸೇರಿ ಒಂದು 48 ವೋಲ್ಟ್ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಡಿ.ಸಿ. ಮಾಡಿ ಕೊಡುವ ಡಬ್ಬಿ). ಬೆಳಕು ಏರಿಸಿ ಇಳಿಸಲು ಆರ್ಡುಯಿನೋ ಅಥವಾ ಇಎಸ್‌ಪಿ32 ಎಂಬ ಪುಟ್ಟ ಕಂಟ್ರೋಲರ್, ಎಲ್‌ಇಡಿಯ ಕಾವು ಹೀರುವ ಹೀಟ್‌ಸಿಂಕ್ ತಣಿಸಲು 12 ವೋಲ್ಟ್ ಫ್ಯಾನು. ಎಲ್ಲ ಸರಿಯಿದ್ದಾಗ ಪ್ರತಿ ಸಾಲಿನ ಎರಡು ತುದಿಯ ನಡುವೆ 37ರಿಂದ 41 ವೋಲ್ಟ್ ಇರುತ್ತದೆ. ದೀಪ ಚೆನ್ನಾಗಿರುವಾಗಲೇ ನಿಮ್ಮ ಸಾಲಿನ ವೋಲ್ಟ್ ಅಳೆದು ಎಸ್‌ಎಂಪಿಎಸ್ ಡಬ್ಬಿಯ ಮೇಲೆ ಬರೆದಿಡಿ. ಮುಂದೆ ಅರ್ಧ ರೋಗ ಆ ಒಂದು ಅಂಕಿಯಿಂದಲೇ ಗೊತ್ತಾಗುತ್ತದೆ.

ಕೈ ಹಾಕುವ ಮೊದಲು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಬದಿಗಿಡಿ. ಎಸ್‌ಎಂಪಿಎಸ್‌ನ ಸಣ್ಣ ದೀಪ ಪೂರ್ತಿ ಆರುವವರೆಗೆ ಕಾಯಿರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ; ಒಳಗಿನ ಕೆಪಾಸಿಟರ್ ಸುಮಾರು 320 ವೋಲ್ಟ್ ಹಿಡಿದುಕೊಂಡಿರುತ್ತದೆ. ದೀಪವನ್ನು ಟ್ಯಾಂಕಿನ ಮೇಲಿಟ್ಟುಕೊಂಡೇ ಕೆಲಸ ಮಾಡುವುದು ಬೇಡ, ಕೆಳಗಿಳಿಸಿ ಒಣ ಮೇಜಿನ ಮೇಲೆ ತನ್ನಿ. ನೀಲಿ ಮತ್ತು ನೇರಳೆ ಎಲ್‌ಇಡಿಯನ್ನು ನೇರ ದಿಟ್ಟಿಸಬಾರದು, ಕಣ್ಣಿನ ಪರದೆಗೆ ಪೆಟ್ಟು. ಹತ್ತಿಸಿ ನೋಡಲೇಬೇಕಾದರೆ ಶೇ. 5ಕ್ಕೆ ಇಳಿಸಿ, ಬಿಳಿ ಹಾಳೆಯ ಮೇಲೆ ಬಿದ್ದ ಬೆಳಕನ್ನು ನೋಡಿ.

ಡ್ರೈವರ್ ಆನ್ ಇರುವಾಗ ಎಲ್‌ಇಡಿ ಸಾಲಿನ ವೈರ್ ಬಿಚ್ಚಬೇಡಿ, ಸೇರಿಸಲೂಬೇಡಿ. ಸಾಲು ಕಳಚಿದ ಕೂಡಲೇ ಡ್ರೈವರಿನ ತುದಿಯ ವೋಲ್ಟ್ 48ರ ಹತ್ತಿರ ಏರಿ ನಿಲ್ಲುತ್ತದೆ. ಮತ್ತೆ ತಾಗಿಸಿದ ಕ್ಷಣ ಅದಷ್ಟೂ ಒಮ್ಮೆಲೇ ನುಗ್ಗಿ ಎಲ್‌ಇಡಿ ಸುಡುತ್ತದೆ. ಒಂದು ಕೆಟ್ಟದ್ದನ್ನು ಹುಡುಕಲು ಹೋಗಿ ಮೂರು ಸುಡುವುದು ಹೀಗೆ.

ಬೇಕಾಗುವ ಸಾಮಾನು: ಮಲ್ಟಿಮೀಟರ್, 9 ವೋಲ್ಟ್ ಬ್ಯಾಟರಿ, 1 ಕಿಲೋಓಮ್ ರೆಸಿಸ್ಟರ್, ಹಳೆಯ ಹಲ್ಲುಜ್ಜುವ ಬ್ರಷ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಐಸೋಪ್ರೊಪೈಲ್ ಆಲ್ಕೋಹಾಲ್, ಒಂದು ಬಿದಿರಿನ ಕಡ್ಡಿ.

ನೀರಿಗೆ ಕೈ ಹಾಕಿದರೆ ಜುಮ್ ಎನ್ನುತ್ತದೆ

ಇದು ಮಿಕ್ಕೆಲ್ಲ ಲಕ್ಷಣಗಳಿಗಿಂತ ಮೊದಲು ಬರಬೇಕಾದದ್ದು. ಕೈ ತೆಗೆಯಿರಿ, ಟ್ಯಾಂಕ್ ಮುಟ್ಟದೆ ಬೋರ್ಡಿನಲ್ಲೇ ಎಲ್ಲ ಆರಿಸಿ, ಆಮೇಲೆ ಓದಿ.

ಜುಮ್ಮೆನ್ನಲು ಎರಡು ಕಾರಣಗಳಿವೆ. ಒಂದು, ಎಸ್‌ಎಂಪಿಎಸ್‌ಗೆ ಅರ್ಥಿಂಗ್ ಸಿಕ್ಕಿಲ್ಲ. ಅದರೊಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಮೈಗೆ, ಅಂದರೆ ಲೋಹದ ಡಬ್ಬಿಗೆ, 110 ವೋಲ್ಟಿನ ಆಸುಪಾಸು ಬಂದು ಕೂತಿರುತ್ತದೆ. ಕರೆಂಟು ತೀರಾ ಕಡಿಮೆ, ಜೀವಕ್ಕೆ ಅಪಾಯವಿಲ್ಲ, ಆದರೆ ಟೆಸ್ಟರ್ ಹತ್ತುತ್ತದೆ, ಬೆರಳಿಗೆ ಚುರುಕ್ ಎನ್ನುತ್ತದೆ. ಇನ್ನೊಂದು, ಹೀಟರಿನ ಗಾಜು ಸೀಳಿದೆ ಅಥವಾ ಪಂಪಿನ ವೈರ್ ತೊಗಟೆ ಹೋಗಿದೆ. ಇದು ಕೊಲ್ಲುವಂಥದ್ದು. ಕಷ್ಟವೇನೆಂದರೆ ಬೆರಳಿಗೆ ಎರಡೂ ಒಂದೇ ತರಹ ಅನಿಸುತ್ತವೆ. ‘ಸಣ್ಣ ಶಾಕ್, ಲೈಟಿಂದ ಬರ್ತದೆ, ಪರವಾಗಿಲ್ಲ’ ಎಂದು ಬಿಡುವ ಹಾಗಿಲ್ಲ.

ಮೊದಲ ತಪಾಸಣೆಗೆ ಖರ್ಚಿಲ್ಲ. ದೀಪದ ಪ್ಲಗ್ ಮೂರು ಪಿನ್ನಿನದೇ? ನಡುವೆ ಎಲ್ಲಾದರೂ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದರೆ ಅರ್ಥಿಂಗ್ ಅಲ್ಲೇ ತುಂಡಾಗಿದೆ. ಎಸ್‌ಎಂಪಿಎಸ್‌ನ ಅರ್ಥ್ ಟರ್ಮಿನಲ್ಲಿಗೆ ಹಸಿರು ವೈರ್ ಸೇರಿದೆಯೇ? ಅಲ್ಲಿಂದ ಹೀಟ್‌ಸಿಂಕ್‌ಗೂ ಒಂದು ಹಸಿರು ವೈರ್ ಹೋಗಿರಬೇಕು, ಸ್ಕ್ರೂ ಕೂರುವಲ್ಲಿ ಬಣ್ಣ ಅಥವಾ ಆನೊಡೈಸ್ ಪದರ ಕೆರೆದು ಬರಿಯ ಲೋಹಕ್ಕೆ ತಾಗಿರಬೇಕು.

ಇಷ್ಟು ಸರಿಯಿದ್ದರೆ ಮುಂದಿನದು ಮನೆಯ ಅರ್ಥಿಂಗ್. ನಮ್ಮಲ್ಲಿ ನೆಲ ಚಿರೇಕಲ್ಲಿನದು. ಮಳೆಗಾಲದಲ್ಲಿ ಅರ್ಥಿಂಗ್ ಗುಂಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಾರ್ಚ್ ದಾಟಿದ ಮೇಲೆ ಕಲ್ಲು ಒಣಗಿ ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಜುಮ್ಮೆಂದದ್ದು ಜೂನ್‌ನಲ್ಲಿ ತಾನಾಗಿ ನಿಂತರೆ ದೋಷ ವಾಸಿಯಾಗಿಲ್ಲ, ಗುಂಡಿಗೆ ಮಳೆನೀರು ಇಳಿದಿದೆ ಅಷ್ಟೆ. ಬೇಸಗೆಯಲ್ಲಿ ಗುಂಡಿಗೆ ನೀರು ಹೊಯ್ಯುತ್ತಿರಬೇಕು, ಗುಂಡಿಯ ಮೇಲಿನ ಜೋಡಣೆ ತುಕ್ಕು ಹಿಡಿದಿದೆಯೇ ನೋಡಿಸಬೇಕು.

ಯಾವ ಸಾಧನದ್ದು ಎಂದು ತಿಳಿಯಲು ಹೀಟರ್, ಪಂಪು, ದೀಪ ಮೂರನ್ನೂ ಕಿತ್ತು ಒಂದೊಂದಾಗಿ ಹಾಕಿ, ಪ್ರತಿ ಸಲ ನೀರು ಮತ್ತು ಅರ್ಥಿಂಗ್ ನಡುವೆ ಮಲ್ಟಿಮೀಟರಿನ ಎ.ಸಿ. ವೋಲ್ಟ್ ನೋಡುವ ಕ್ರಮವಿದೆ. ಬೋರ್ಡಿನಲ್ಲಿ ಅರ್ಥಿಂಗ್ ತೂತು ಯಾವುದು, ಫೇಸ್ ಯಾವುದು ಎಂಬುದು ಕಣ್ಣುಮುಚ್ಚಿ ಹೇಳಲು ಬರುವವರು ಮಾತ್ರ ಇದನ್ನು ಮಾಡಲಿ. ಉಳಿದವರು ಇಲ್ಲಿಗೇ ನಿಲ್ಲಿಸಿ ವೈರ್‌ಮನ್‌ನ್ನು ಕರೆಯಬೇಕು. ಬಂದವರಿಂದ ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿಕೊಳ್ಳಿ. ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ ಎಂದರೆ, ಅದು ವೈರ್ ಸುಡದಂತೆ ಕಾಯುತ್ತದೆಯೇ ಹೊರತು ಮನುಷ್ಯರನ್ನು ಕಾಯುವುದಿಲ್ಲ.

ದೀಪ ಪೂರ್ತಿ ಸತ್ತಿದೆ

ಎರಡೂ ಸಾಲು ಒಟ್ಟಿಗೇ ಹೋದರೆ ಕಾರಣ ಎರಡಕ್ಕೂ ಸಮಾನವಾದ ಜಾಗದಲ್ಲಿರುತ್ತದೆ. ಆ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಟೈಮರ್ ಇದ್ದರೆ ತೆಗೆದು ನೇರವಾಗಿ ಹಾಕಿ; ಕರೆಂಟು ಹೋಗಿ ಬಂದ ಮೇಲೆ ಟೈಮರಿನ ಗಡಿಯಾರ ತಪ್ಪಿ ಹಗಲನ್ನು ರಾತ್ರಿ ಮಾಡಿರುತ್ತದೆ. ಎಸ್‌ಎಂಪಿಎಸ್‌ನ ದೀಪ ಹತ್ತಿದೆಯೇ? ಹತ್ತಿದ್ದರೆ ಅದರ ಔಟ್‌ಪುಟ್ಟಿನಲ್ಲಿ ಡಿ.ಸಿ. 48 ವೋಲ್ಟ್ ಬರುತ್ತಿದೆಯೇ ಅಳೆಯಿರಿ.

48 ಬರುತ್ತಿದ್ದೂ ದೀಪ ಕತ್ತಲಾಗಿದ್ದರೆ ಕಂಟ್ರೋಲರ್ ಕಡೆ ತಿರುಗಿ. ಎಲ್‌ಡಿಡಿ ಡ್ರೈವರಿನ ಡಿಮ್ ಕಾಲಿಗೆ (ಬೆಳಕು ಏರಿಳಿಸುವ ಸಂಕೇತ ಬರುವ ಪಿನ್) ಏನೂ ಸೇರಿಸದಿದ್ದರೆ ಅದು ಪೂರ್ತಿ ಬೆಳಗುತ್ತದೆ, 0.8 ವೋಲ್ಟಿಗಿಂತ ಕೆಳಗೆ ಎಳೆದರೆ ಆರುತ್ತದೆ. ಹಾಗಾಗಿ ಪ್ಲಗ್ ಕಿತ್ತು, ಡಿಮ್ ವೈರ್ ಬಿಚ್ಚಿ, ಪ್ಲಗ್ ಮಾತ್ರ ಮತ್ತೆ ಹಾಕಿ. ದೀಪ ಝಗ್ಗೆಂದು ಹತ್ತಿದರೆ ಡ್ರೈವರ್, ಎಲ್‌ಇಡಿ ಎಲ್ಲ ಕ್ಷೇಮ. ದೋಷ ಕಂಟ್ರೋಲರಿನದು, ಅದರಲ್ಲೂ ಹೆಚ್ಚಾಗಿ ಗಡಿಯಾರದ್ದು. ಗಡಿಯಾರ ಮಾಡ್ಯೂಲಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟು ಹೋದಾಗಲೂ ಸಮಯ ಹಿಂದಕ್ಕೋಡುತ್ತದೆ. ಬ್ಯಾಟರಿ ಬದಲಿಸಿ ಸಮಯ ಕೂಡಿಸಿದರೆ ಮುಗಿಯಿತು.

ಎಸ್‌ಎಂಪಿಎಸ್‌ನ ದೀಪವೇ ಹತ್ತದಿದ್ದರೆ, ಅಥವಾ ಒಂದೊಂದು ಸೆಕೆಂಡಿಗೆ ಹತ್ತಿ ಆರಿ ‘ಟಿಕ್ ಟಿಕ್’ ಎನ್ನುತ್ತಿದ್ದರೆ, ಪ್ಲಗ್ ಕಿತ್ತು ಔಟ್‌ಪುಟ್ ವೈರ್ ಬಿಡಿಸಿ ಅದೊಂದನ್ನೇ ಹತ್ತಿಸಿ ನೋಡಿ. ಆಗ ಸ್ಥಿರವಾಗಿ ನಿಂತರೆ ಶಾರ್ಟ್ ಇರುವುದು ಮುಂದೆ, ದೀಪದ ಕಡೆ. ಒಂಟಿಯಾಗಿಯೂ ಹತ್ತದಿದ್ದರೆ ಎಸ್‌ಎಂಪಿಎಸ್ ಹೋಗಿದೆ, ಬದಲಿಸಿ. ಹೊಸದರಲ್ಲಿ 115/230 ಎಂಬ ಸಣ್ಣ ಕೆಂಪು ಸ್ವಿಚ್ ಇದ್ದರೆ ಪ್ಲಗ್ ಹಾಕುವ ಮೊದಲೇ 230ಕ್ಕೆ ತಳ್ಳಿ. ಮೇ ತಿಂಗಳ ಗುಡುಗು ಮಳೆಯ ಮರುದಿನ ಎಸ್‌ಎಂಪಿಎಸ್ ಸತ್ತಿದ್ದರೆ ಕಾರಣ ಹುಡುಕುತ್ತ ಕೂರುವುದು ವ್ಯರ್ಥ. ಸಿಡಿಲಿನ ಕಾಲದಲ್ಲಿ ಸ್ವಿಚ್ಚಿನ ಮೇಲೆ ನಂಬಿಕೆ ಇಡದೆ ಪ್ಲಗ್ಗನ್ನೇ ಕೀಳಬೇಕು.

ಒಂದು ಸಾಲು ಮಾತ್ರ ಕತ್ತಲು

ಚೌತಿಯ ಮಂಟಪಕ್ಕೆ ಕಟ್ಟುವ ಹಳೆಯ ಸೀರಿಯಲ್ ಸೆಟ್ ನೆನಪಿಸಿಕೊಳ್ಳಿ: ಒಂದು ಬಲ್ಬ್ ಹೋದರೆ ಸರವೆಲ್ಲ ಕತ್ತಲು. ಇಲ್ಲಿಯೂ ಅದೇ. 12ರಲ್ಲಿ ಒಂದು ಎಲ್‌ಇಡಿ, ಒಂದು ಬೆಸುಗೆ, ಒಂದು ವೈರ್ ತುಂಡಾದರೂ ಸಾಲು ಪೂರ್ತಿ ಆರುತ್ತದೆ.

ಮೊದಲ ಪರೀಕ್ಷೆ ಅದಲುಬದಲು. ಪ್ಲಗ್ ಕಿತ್ತು, ಎರಡೂ ಸಾಲುಗಳ ವೈರನ್ನು ಡ್ರೈವರುಗಳಲ್ಲಿ ಅತ್ತಿತ್ತ ಮಾಡಿ ಹತ್ತಿಸಿ. ಅದೇ ಸಾಲು ಮತ್ತೆ ಕತ್ತಲಾಗಿದ್ದರೆ ದೋಷ ಸಾಲಿನದು. ಚೆನ್ನಾಗಿದ್ದ ಸಾಲು ಈಗ ಕತ್ತಲಾದರೆ ದೋಷ ಡ್ರೈವರಿನದು ಅಥವಾ ಅದರ ಡಿಮ್ ವೈರಿನದು. ಎರಡು ನಿಮಿಷದ ಕೆಲಸ, ಕಾಸಿಲ್ಲ, ಆದರೆ ಯಾಕೋ ಯಾರೂ ಮೊದಲು ಮಾಡುವುದಿಲ್ಲ.

ದೋಷ ಸಾಲಿನದು ಎಂದಾದರೆ ಮೊದಲು ಕಣ್ಣಿನಿಂದ ನೋಡಿ. ಬೆಸುಗೆಯ ಮೇಲೆ ಹಸಿರು ಪುಡಿ ಕಂಡರೆ ಅಲ್ಲಿ ತಾಮ್ರವನ್ನು ಉಪ್ಪು ತಿನ್ನುತ್ತಿದೆ. ಬಿಳಿ ಹರಳು ಕಂಡರೆ ಉಪ್ಪು ಈಗಷ್ಟೇ ಕಟ್ಟಿದೆ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ನಡೆಯುವುದೇ ಇಲ್ಲಿ ಬೆಸುಗೆಯ ಮೇಲೆ ನಡೆಯುತ್ತದೆ: ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ಮತ್ತೆ ಸಿಡಿಯುತ್ತದೆ, ಪದರದ ಮೇಲೆ ಪದರ. ಆಲ್ಕೋಹಾಲಿಗೆ ಉಪ್ಪು ಕರಗುವುದಿಲ್ಲ. ಮೊದಲು ಡಿಸ್ಟಿಲ್ಡ್ ನೀರು ಅದ್ದಿದ ಬ್ರಷ್ಷಿನಿಂದ ಉಜ್ಜಿ ಉಪ್ಪು ತೆಗೆಯಿರಿ, ಆಮೇಲೆ ಆಲ್ಕೋಹಾಲಿನಿಂದ ನೀರಿನ ಪಸೆ ಹೋಗಿಸಿ, ಒಂದು ರಾತ್ರಿ ಫ್ಯಾನಿನ ಕೆಳಗೆ ಒಣಗಲು ಬಿಡಿ.

ಹಾಗೂ ಹತ್ತದಿದ್ದರೆ ಬ್ಯಾಟರಿ ಪರೀಕ್ಷೆ. 9 ವೋಲ್ಟ್ ಬ್ಯಾಟರಿಯ ಪ್ಲಸ್ ತುದಿಗೆ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ, ಅದರ ಇನ್ನೊಂದು ತುದಿಯನ್ನು ಎಲ್‌ಇಡಿಯ ಪ್ಲಸ್‌ಗೆ, ಬ್ಯಾಟರಿಯ ಮೈನಸ್ಸನ್ನು ಎಲ್‌ಇಡಿಯ ಮೈನಸ್‌ಗೆ ತಾಗಿಸಿ. 6 ಮಿಲಿಆಂಪಿನಷ್ಟು ಹರಿದು ಎಲ್‌ಇಡಿ ಸಣ್ಣಗೆ ಬೆಳಗಬೇಕು. ಪ್ಲಗ್ ಕಿತ್ತಿಟ್ಟೇ 12ನ್ನೂ ಹೀಗೆ ನೋಡಿ. ಮಲ್ಟಿಮೀಟರಿನ ಡಯೋಡ್ ಗುರುತಿನಲ್ಲೂ ನೋಡಬಹುದು, ಆದರೆ ಅಗ್ಗದ ಮೀಟರುಗಳು ಕೊಡುವ ವೋಲ್ಟ್ ನೀಲಿ ಎಲ್‌ಇಡಿಗೆ ಸಾಲದೆ ಚೆನ್ನಾಗಿರುವುದನ್ನೂ ಸತ್ತಿದೆ ಎಂದು ತೋರಿಸುತ್ತವೆ.

ಬೆಳಗದ ಎಲ್‌ಇಡಿ ಸಿಕ್ಕಿತೇ? ತಡೆಯಿರಿ. ಬ್ಯಾಟರಿಯನ್ನು ಸ್ಟಾರಿನ ಪ್ಯಾಡಿಗೆ ತಾಗಿಸಿದ್ದು ಸಾಲದು, ಎಲ್‌ಇಡಿಯದೇ ಪುಟ್ಟ ಕಾಲಿಗೆ ತಾಗಿಸಿ ಇನ್ನೊಮ್ಮೆ ನೋಡಿ. ಆಗ ಬೆಳಗಿದರೆ ಎಲ್‌ಇಡಿ ಬದುಕಿದೆ, ಕಾಲಿನ ಬೆಸುಗೆ ಬಿಟ್ಟಿದೆ. ಇನ್ನು ಹನ್ನೆರಡಕ್ಕೆ ಹನ್ನೆರಡೂ ಬೆಳಗಿದರೆ ದೋಷ ಎರಡು ಎಲ್‌ಇಡಿಗಳ ನಡುವಿನ ವೈರಿನಲ್ಲಿ ಅಥವಾ ಬೆಸುಗೆಯಲ್ಲಿದೆ. ವೈರಿನ ಸಿಪ್ಪೆ ಸುಲಿದು ನೋಡಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸುತ್ತ ಹೋಗಿ. ಕೆಲವೊಮ್ಮೆ ಗೇಣುದ್ದ ಕತ್ತರಿಸಿದರೂ ಕಪ್ಪೇ ಇರುತ್ತದೆ. ಎಳೆಗಳ ಸಂದಿಯಲ್ಲಿ ಉಪ್ಪುನೀರು ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಏರುತ್ತದೆ. ಆ ವೈರನ್ನೇ ಬಿಸಾಕಿ ತವರ ಲೇಪಿಸಿದ ವೈರ್ ಹಾಕಿ.

ಹೀಟ್‌ಸಿಂಕಿನ ಮೇಲೆ ಕೂತ ಸ್ಟಾರಿಗೆ 25 ವ್ಯಾಟಿನ ಬೆಸುಗೆ ಕಾವಿ (ಸೋಲ್ಡರಿಂಗ್ ಐರನ್) ಸಾಲುವುದಿಲ್ಲ. ಕಾವನ್ನೆಲ್ಲ ಅಲ್ಯೂಮಿನಿಯಂ ಎಳೆದುಕೊಂಡು ಸೀಸ ಮೇಲೆ ಮೇಲೆ ಕೂರುತ್ತದೆ, ರಿಪೇರಿಯವರು ಡ್ರೈ ಸೋಲ್ಡರ್ ಅನ್ನುವುದು ಇದನ್ನೇ. 60 ವ್ಯಾಟಿನ, ಅಗಲ ಮೂತಿಯ ಕಾವಿ ಬೇಕು. ಸರಿಯಾದ ಬೆಸುಗೆ ಹೊಳೆಯುತ್ತ ಪ್ಯಾಡಿನ ಮೇಲೆ ಇಳಿಜಾರಾಗಿ ಹರಡಿರುತ್ತದೆ. ಮಂಕಾಗಿ ಗುಂಡಗೆ ಕೂತಿದ್ದರೆ ಇವತ್ತಲ್ಲ ನಾಳೆ ಬಿಡುತ್ತದೆ.

ದೋಷ ಡ್ರೈವರಿನದು ಎಂದು ತೋರಿದರೂ ಒಮ್ಮೆ ಇನ್‌ಪುಟ್ಟಿಗೆ 48 ವೋಲ್ಟ್ ತಲುಪುತ್ತಿದೆಯೇ ನೋಡಿಕೊಂಡು, ಡಿಮ್ ವೈರ್ ಬಿಚ್ಚಿ ಹತ್ತಿಸಿ ನೋಡಿ, ಆಮೇಲೆ ಹೊಸದು ತನ್ನಿ. ಇನ್‌ಪುಟ್ ವೈರ್ ಪ್ಲಸ್ ಮೈನಸ್ ಉಲ್ಟಾ ಆದರೆ ಈ ಡ್ರೈವರುಗಳು ಸಪ್ಪಳವಿಲ್ಲದೆ ಸಾಯುತ್ತವೆ.

ಸಾಲು ಹತ್ತಿದೆ, ಆದರೆ ನಡುವೆ ಕೆಲವು ಹತ್ತಿಲ್ಲ

ಒಂದೇ ಒಂದು ಕತ್ತಲಾಗಿ ಉಳಿದವು ಬೆಳಗುತ್ತಿದ್ದರೆ ಆ ಎಲ್‌ಇಡಿ ಒಳಗೇ ಶಾರ್ಟ್ ಆಗಿದೆ. ಸಾಲಿನ ವೋಲ್ಟ್ ನೀವು ಬರೆದಿಟ್ಟದ್ದಕ್ಕಿಂತ 3ರಷ್ಟು ಇಳಿದಿರುತ್ತದೆ. ಅವಸರವಿಲ್ಲ, ಡ್ರೈವರ್ ಕರೆಂಟನ್ನು 700 ಮಿಲಿಆಂಪಿನಲ್ಲೇ ಹಿಡಿಯುವುದರಿಂದ ಉಳಿದವಕ್ಕೆ ತೊಂದರೆಯಿಲ್ಲ. ಬಿಡುವಾದಾಗ ಬದಲಿಸಿ.

ಅಕ್ಕಪಕ್ಕದ ಮೂರೋ ನಾಲ್ಕೋ ಒಟ್ಟಿಗೇ ಕತ್ತಲಾಗಿದ್ದರೆ ಅದು ಬೇರೆಯೇ ರೋಗ, ಕೂಡಲೇ ಆರಿಸಿ. ಸಾಲು ಎರಡು ಕಡೆ ಹೀಟ್‌ಸಿಂಕಿಗೆ ತಾಗಿದೆ, ಆ ಎರಡು ಬಿಂದುಗಳ ನಡುವಿನ ಎಲ್‌ಇಡಿಗಳನ್ನು ಬಿಟ್ಟು ಕರೆಂಟು ಲೋಹದ ಮೂಲಕ ದಾಟಿ ಹೋಗುತ್ತಿದೆ. ಒಂದೇ ಕಡೆ ತಾಗಿದ್ದಾಗ ಏನೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು, ಎರಡನೆಯದು ತಾಗಿದ ದಿನ ಮುಖ ತೋರಿಸುತ್ತದೆ. ಪ್ಲಗ್ ಕಿತ್ತು, ಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ಅದರ ಒಂದು ಪ್ರೋಬ್ ಕಡ್ಡಿ ಹೀಟ್‌ಸಿಂಕಿನ ಬರಿಯ ಲೋಹಕ್ಕೆ, ಇನ್ನೊಂದು ಪ್ರತಿ ಬೆಸುಗೆಗೆ ಇಡಿ. ಎಲ್ಲಿಯೂ ಬೀಪ್ ಬರಬಾರದು. ಬಂದರೆ ಸಾಮಾನ್ಯವಾಗಿ ಸಿಗುವುದು ಎರಡು: ಸ್ಕ್ರೂವಿನ ತಲೆ ಪ್ಯಾಡಿಗೆ ತಾಗಿರುವುದು, ಅಥವಾ ಹರಡಿದ ವೈರಿನ ಕೂದಲೆಳೆಯಂಥ ಒಂದು ಎಳೆ ಸ್ಟಾರಿನ ಅಂಚು ದಾಟಿ ಕೆಳಗೆ ಬಾಗಿರುವುದು. ಎಳೆ ಬರಿಗಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಕ್ಯಾಮೆರಾ ದೊಡ್ಡದು ಮಾಡಿ ಓರೆಯಾಗಿ ಟಾರ್ಚ್ ಬಿಟ್ಟರೆ ನೆರಳಿನಿಂದ ಗೊತ್ತಾಗುತ್ತದೆ. ಸ್ಕ್ರೂಗಳಿಗೆ ನೈಲಾನ್ ವಾಷರ್ ಹಾಕಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪು: ಫ್ಯಾನಿನದೋ ಕಂಟ್ರೋಲರಿನದೋ ಮೈನಸ್ ವೈರನ್ನು ‘ಎಲ್ಲ ಮೈನಸ್ ಒಂದೇ’ ಎಂದು ಎಲ್‌ಇಡಿ ಸಾಲಿನ ಮೈನಸ್‌ಗೆ ಸೇರಿಸುವುದು. ಎಲ್‌ಡಿಡಿ ತರಹದ ಡ್ರೈವರಿನಲ್ಲಿ ಇನ್‌ಪುಟ್ ಮೈನಸ್ ಬೇರೆ, ಔಟ್‌ಪುಟ್ ಮೈನಸ್ ಬೇರೆ. ಎರಡೂ ಸೇರಿದರೆ ಡ್ರೈವರಿನ ಹಿಡಿತ ತಪ್ಪಿ 48 ವೋಲ್ಟ್ ನೇರವಾಗಿ ಸಾಲಿಗೆ ಹೋಗುತ್ತದೆ. ಹಾಗೆ ಸುಟ್ಟ ಎಲ್‌ಇಡಿಯ ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ಕಂಟ್ರೋಲರಿನ ಮೈನಸ್ ಸೇರಬೇಕಾದದ್ದು ಇನ್‌ಪುಟ್ ಮೈನಸ್‌ಗೆ. ಅಲ್ಲಿ ಸೇರಿಸದೆ ಬಿಟ್ಟರೆ ಡಿಮ್ಮಿಂಗ್ ಕೆಲಸ ಮಾಡುವುದಿಲ್ಲ.

ಮಿಣುಕುತ್ತದೆ

ಮೊಬೈಲಿನ ಕ್ಯಾಮೆರಾದಲ್ಲಿ ಮಾತ್ರ ಅಡ್ಡ ಪಟ್ಟೆ ಓಡುತ್ತ ಕಣ್ಣಿಗೆ ಸರಿಯಾಗಿ ಕಂಡರೆ ಅದು ದೋಷವೇ ಅಲ್ಲ. ದೀಪವನ್ನು ಕಣ್ಣಿಗೆ ಕಾಣದಷ್ಟು ಬೇಗ ಬೇಗ ಆರಿಸಿ ಹತ್ತಿಸುವುದರಿಂದಲೇ ಡಿಮ್ಮಿಂಗ್ ನಡೆಯುತ್ತದೆ.

ಕಣ್ಣಿಗೂ ಮಿಣುಕಿದರೆ ಬಿದಿರಿನ ಕಡ್ಡಿ ತನ್ನಿ. ಬೆಳಕನ್ನು ಶೇ. 10ಕ್ಕೆ ಇಳಿಸಿ ಒಂದೊಂದು ಬೆಸುಗೆಯನ್ನೂ ಕನೆಕ್ಟರನ್ನೂ ಕಡ್ಡಿಯಿಂದ ಮೆತ್ತಗೆ ಒತ್ತುತ್ತ ಹೋಗಿ. ಯಾವುದನ್ನು ಮುಟ್ಟಿದಾಗ ಮಿಣುಕು ಹೆಚ್ಚುತ್ತದೋ ಅಥವಾ ನಿಲ್ಲುತ್ತದೋ, ಅದೇ. ಕಡಿಮೆ ಬೆಳಕಿನಲ್ಲಿ ಸರಿಯಿದ್ದು ಶೇ. 80 ದಾಟಿದ ಮೇಲೆ ಮಿಣುಕಿದರೆ ಡ್ರೈವರಿಗೆ ವೋಲ್ಟ್ ಸಾಲುತ್ತಿಲ್ಲ. ಈ ಡ್ರೈವರುಗಳಿಗೆ ಸಾಲಿನ ವೋಲ್ಟಿಗಿಂತ ಕನಿಷ್ಠ 3 ವೋಲ್ಟ್ ಹೆಚ್ಚು ಬೇಕು. 12 ಎಲ್‌ಇಡಿ ಇರುವ ಕಡೆ ‘ಇನ್ನೆರಡು ಇರಲಿ’ ಎಂದು ಸೇರಿಸಿದ ದೀಪಗಳಲ್ಲಿ ಇದು ಮಾಮೂಲು: 14ಕ್ಕೆ 46ರಿಂದ 47 ವೋಲ್ಟ್ ಬೇಕಾಗಿ 48ರಲ್ಲಿ ಉಸಿರಾಡಲು ಜಾಗ ಉಳಿಯುವುದಿಲ್ಲ. ಎರಡು ಕಡಿಮೆ ಮಾಡುವುದೇ ಸುಲಭದ ಪರಿಹಾರ.

ಡಿಮ್ ಮಾಡಿದಾಗಷ್ಟೇ ಕುಣಿಯುತ್ತಿದ್ದರೆ ಪ್ರೋಗ್ರಾಮ್ ನೋಡಿ. ಎಲ್‌ಡಿಡಿಗೆ ಬೇಕಾದ ಪಿಡಬ್ಲ್ಯುಎಂ (ಹಾಗೆ ಆರಿಸಿ ಹತ್ತಿಸುವ ಸಂಕೇತ) 100ರಿಂದ 1000 ಹರ್ಟ್ಸ್. ಆರ್ಡುಯಿನೋ ನ್ಯಾನೋದ ಸಹಜ 490 ಹರ್ಟ್ಸ್ ಹೊಂದುತ್ತದೆ. ಇಎಸ್‌ಪಿ32ರ ಉದಾಹರಣೆ ಪ್ರೋಗ್ರಾಮುಗಳಲ್ಲಿ ಹೆಚ್ಚಾಗಿ 5000 ಎಂದಿರುತ್ತದೆ, ಅದನ್ನು 500 ಮಾಡಿ.

ಅರ್ಧ ಗಂಟೆ ಉರಿದು ಆರುತ್ತದೆ, ತಣಿದ ಮೇಲೆ ಮತ್ತೆ ಹತ್ತುತ್ತದೆ

ಇದು ಬಿಸಿಯ ರೋಗ. ಅರ್ಥಿಂಗ್ ಖಚಿತವಾಗಿದ್ದರೆ ಹೀಟ್‌ಸಿಂಕಿಗೆ ಅಂಗೈ ಹಿಂಬದಿ ಇಡಿ. ಐದು ಎಣಿಸುವವರೆಗೆ ಇಡಲಾಗದಿದ್ದರೆ 55 ಡಿಗ್ರಿ ದಾಟಿದೆ. ಅದು 50ರ ಒಳಗಿರಬೇಕು. ಫ್ಯಾನು ತಿರುಗುತ್ತಿದೆಯೇ? ಕರಾವಳಿಯಲ್ಲಿ ದೀಪದ ಭಾಗಗಳಲ್ಲಿ ಮೊದಲು ಸಾಯುವುದು ಫ್ಯಾನು. ಬೇರಿಂಗಿಗೆ ಉಪ್ಪು ಹೋಗಿ ಮೊದಲು ಗುರ್ ಎನ್ನುತ್ತದೆ, ಆಮೇಲೆ ಕೈಯಿಂದ ತಳ್ಳಿದರೆ ಮಾತ್ರ ತಿರುಗುತ್ತದೆ, ಆಮೇಲೆ ನಿಲ್ಲುತ್ತದೆ. ಎಣ್ಣೆ ಬಿಟ್ಟು ಓಡಿಸುವುದು ನಾಲ್ಕು ದಿನದ ಉಪಚಾರ.

ಫ್ಯಾನಿನ ದಿಕ್ಕಿನಲ್ಲೂ ತಪ್ಪಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆಯುವ ಹಾಗೆ ಕೂರಿಸಿದರೆ ಟ್ಯಾಂಕಿನ ಮೇಲಿನ ಉಪ್ಪುಹಬೆಯನ್ನೇ ದೀಪದೊಳಗೆ ಹಾಯಿಸಿದಂತೆ. ಮೇಲಿನಿಂದ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಊದಬೇಕು, ಕೆಳಗೆ ಅಕ್ರಿಲಿಕ್ ಹಾಳೆ ಅಡ್ಡವಿರಬೇಕು.

ಫ್ಯಾನು ಹೊಸದಾದರೂ ತಿರುಗದಿದ್ದರೆ 48ನ್ನು 12ಕ್ಕೆ ಇಳಿಸುವ ಮಾಡ್ಯೂಲ್ ನೋಡಿ. ಅಂಗಡಿಯಲ್ಲಿ ಸಿಗುವ ಎಲ್‌ಎಂ2596 ಮಾಡ್ಯೂಲ್ ತಡೆಯುವುದು 40 ವೋಲ್ಟ್ ಮಾತ್ರ. 48ಕ್ಕೆ ಎಚ್‌ವಿ ಎಂದು ಬರೆದ, 60 ವೋಲ್ಟ್ ತಡೆಯುವ ಮಾದರಿ ಬೇಕು, ಇಲ್ಲವಾದರೆ ಫ್ಯಾನಿಗೆ ಬೇರೆಯೇ 12 ವೋಲ್ಟ್ ಅಡಾಪ್ಟರ್ ಹಾಕಿ.

ಹೀಟ್‌ಸಿಂಕ್ ತಣ್ಣಗಿದ್ದೂ ಎಲ್‌ಇಡಿ ಹೋಗುತ್ತಿದ್ದರೆ ಕಾವು ಹೀಟ್‌ಸಿಂಕಿಗೆ ದಾಟುತ್ತಿಲ್ಲ. ಸ್ಟಾರಿನ ಸ್ಕ್ರೂ ಸಡಿಲವಾಗಿದೆ ಅಥವಾ ಥರ್ಮಲ್ ಪೇಸ್ಟ್ ದಪ್ಪವಾಗಿದೆ. ಪೇಸ್ಟ್ ತೆಳ್ಳಗೆ, ಕೆಳಗಿನ ಲೋಹದ ಬಣ್ಣ ಕಾಣುವಷ್ಟೇ ಇರಬೇಕು. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಮೆತ್ತಿದರೆ ಕಾವು ದಾಟಲು ಅದೇ ಅಡ್ಡವಾಗುತ್ತದೆ.

ಬರಬರುತ್ತ ಬೆಳಕು ಮಂದವಾಗಿದೆ

ಎಲ್‌ಇಡಿಗೆ ವಯಸ್ಸಾಯಿತು ಎನ್ನುವ ಮೊದಲು ಲೆಕ್ಕ ಹಾಕಿ. ಒಳ್ಳೆಯ ಎಲ್‌ಇಡಿಗೆ ಬೆಳಕು ಶೇ. 70ಕ್ಕೆ ಇಳಿಯಲು 50,000 ಗಂಟೆ ಎನ್ನುತ್ತಾರೆ. ದಿನಕ್ಕೆ 10 ಗಂಟೆಯಂತೆ 13 ವರ್ಷ ದಾಟುತ್ತದೆ. ಎರಡೇ ವರ್ಷಕ್ಕೆ ಮಂದವಾದರೆ ಕಾರಣ ಬೇರೆ ಇದೆ.

ಅಕ್ರಿಲಿಕ್ ಹಾಳೆ ತೆಗೆದು ಅರ್ಧ ಭಾಗ ಮಾತ್ರ ಡಿಸ್ಟಿಲ್ಡ್ ನೀರಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ. ವ್ಯತ್ಯಾಸ ಕಂಡು ನೀವೇ ಬೆರಗಾಗುತ್ತೀರಿ. ಒಣಬಟ್ಟೆಯಿಂದ ತಿಕ್ಕಬೇಡಿ, ಉಪ್ಪಿನ ಹರಳು ಗೀರು ಬೀಳಿಸುತ್ತದೆ. ಹಾಳೆ ಹಳದಿ ತಿರುಗಿದ್ದರೆ ಬದಲಿಸಿ. ಹಳದಿ ಹಾಳೆ ನುಂಗುವುದು ಹವಳಕ್ಕೆ ಬೇಕಾದ ನೀಲಿಯನ್ನೇ.

ಮಂದವಾಗಿರುವುದು ಹೌದೋ ಅಲ್ಲವೋ ಎಂದು ತಿಳಿಯಲು ಮೊಬೈಲಿನ ಲಕ್ಸ್ ಆ್ಯಪ್ ಸಾಕು, ಆದರೆ ಹೋಲಿಕೆಗೆ ಮಾತ್ರ. ತಿಂಗಳಿಗೊಮ್ಮೆ ಅದೇ ಫೋನ್, ಅದೇ ಎತ್ತರ, ಅದೇ ಶೇಕಡಾ. ನೀಲಿ ಬೆಳಕಿನಲ್ಲಿ ಲಕ್ಸ್ ಅಂಕಿಯಿಂದ ಪಾರ್ (ಹವಳ ಬಳಸಿಕೊಳ್ಳುವ ಬೆಳಕಿನ ಅಳತೆ) ಲೆಕ್ಕ ಹಾಕಲು ಹೋದರೆ ದಾರಿ ತಪ್ಪುತ್ತದೆ.

ಒರೆಸಿದ ಮೇಲೂ ಮಂದವಾಗಿದ್ದರೆ ಸಾಲಿನ ಕರೆಂಟು ಅಳೆಯಿರಿ. ಪ್ಲಗ್ ಕಿತ್ತು ಮೀಟರನ್ನು 10 ಆಂಪ್ ತೂತಿಗೆ ಹಾಕಿ ಸಾಲಿನ ನಡುವೆ ಸೇರಿಸಿ, ಡಿಮ್ ವೈರ್ ಬಿಚ್ಚಿ, ಆಮೇಲೆ ಹತ್ತಿಸಿ. 0.70ರ ಆಸುಪಾಸು ಬರಬೇಕು. ಮುಗಿದ ಕೂಡಲೇ ಪ್ರೋಬ್ ಕಡ್ಡಿಯನ್ನು ವೋಲ್ಟ್ ತೂತಿಗೆ ಮರಳಿಸಿ. ಮರೆತು 10 ಆಂಪಿನಲ್ಲೇ ವೋಲ್ಟ್ ಅಳೆಯಲು ಹೋದರೆ ಅದು ನೇರ ಶಾರ್ಟ್.

ಆರಿಸಿದರೂ ಮಂದವಾಗಿ ಉಳಿಯುತ್ತದೆ, ಅಥವಾ ಕರೆಂಟು ಬಂದಾಗ ಝಗ್ಗೆನ್ನುತ್ತದೆ

ಪ್ಲಗ್ ಕಿತ್ತಾಗ ಆರಿ, ಸ್ವಿಚ್ ಆರಿಸಿದಾಗ ಆರದಿದ್ದರೆ ಬೋರ್ಡಿನಲ್ಲಿ ಸ್ವಿಚ್ ಫೇಸಿನ ಬದಲು ನ್ಯೂಟ್ರಲಿನಲ್ಲಿದೆ. ಹಳೆಯ ಮನೆಗಳಲ್ಲಿ ಅಪರೂಪವಲ್ಲ. ವೈರ್‌ಮನ್ ಕೆಲಸ. ಝಗ್ಗೆನ್ನುವುದು ಕಂಟ್ರೋಲರ್ ಎಚ್ಚರವಾಗುವವರೆಗೆ ಡಿಮ್ ಕಾಲು ಅತಂತ್ರವಾಗಿರುವುದರಿಂದ. ಡಿಮ್ ಕಾಲಿಗೂ ಇನ್‌ಪುಟ್ ಮೈನಸ್‌ಗೂ ನಡುವೆ 10 ಕಿಲೋಓಮ್ ಹಾಕಿ ನೋಡಿ, ಸಾಲದಿದ್ದರೆ 1 ಕಿಲೋಓಮಿನವರೆಗೆ ಇಳಿಸಿ.

ಮತ್ತೆ ಮುಚ್ಚುವ ಮೊದಲು

ಬೆಸುಗೆಗಳ ಮೇಲೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಸ್ಪ್ರೇ ಹೊಡೆಯಿರಿ, ಎಲ್‌ಇಡಿಯ ಮಸೂರಕ್ಕೆ ತಾಗದ ಹಾಗೆ. ಸಿಲಿಕಾನ್ ಬಳಸುವುದಾದರೆ ವಿನೆಗರ್ ವಾಸನೆಯದು ಬೇಡ. ಗಟ್ಟಿಯಾಗುವಾಗ ಅದು ಬಿಡುವ ಆಮ್ಲ ತಾಮ್ರ ತಿನ್ನುತ್ತದೆ, ಉಪ್ಪು ಮಾಡಬೇಕಿದ್ದ ಕೆಲಸವನ್ನು ಅದೇ ಮಾಡಿ ಮುಗಿಸುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ವೈರ್ ಪ್ಲಗ್ಗಿಗಿಂತ ಕೆಳಗಿಳಿದು ಮತ್ತೆ ಮೇಲೇರಿ ಸಾಕೆಟ್ ಸೇರಬೇಕು, ಜಾರಿ ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳಲಿ. ಎಸ್‌ಎಂಪಿಎಸ್ ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿದ್ದರೆ ಹೊರಗೆ ತಂದು ಗೋಡೆಗೆ ಎತ್ತರದಲ್ಲಿ ಕೂರಿಸಿ.

ದೀಪ ಸರಿಯಿದೆ, ಹವಳ ಸರಿಯಿಲ್ಲ

ಹವಳ ಬಿಳಚಿದರೆ ಎಲ್ಲಿ ಬಿಳಚಿದೆ ನೋಡಿ. ದೀಪಕ್ಕೆ ಮುಖ ಮಾಡಿದ ಮೇಲ್ಭಾಗ ಮಾತ್ರ ಬಿಳಿಯಾಗಿ ನೆರಳಿನ ಬದಿ ಬಣ್ಣ ಉಳಿಸಿಕೊಂಡಿದ್ದರೆ ಬೆಳಕು ಹೆಚ್ಚಾಗಿದೆ. ಸುತ್ತಲೂ ಒಂದೇ ಸಮ ಬಿಳಚಿದ್ದರೆ ಮೊದಲು ಥರ್ಮಾಮೀಟರ್ ನೋಡಿ. ಏಪ್ರಿಲ್, ಮೇನಲ್ಲಿ ಕಾರವಾರದ ಕೋಣೆಯಲ್ಲಿ ನೀರು 30 ಡಿಗ್ರಿ ದಾಟುವುದು ಸುಲಭ, ಬೇಕಾದದ್ದು 25ರಿಂದ 27. ಮೃದು ಹವಳಗಳು ಕತ್ತು ಚಾಚಿದ ಹಾಗೆ ಉದ್ದುದ್ದ ಎದ್ದು ನಿಂತರೆ ಬೆಳಕು ಸಾಲದು. ಕಂದು ತಿರುಗಿದರೆ ಬೆಳಕು ಕಡಿಮೆ, ಇಲ್ಲವೇ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚು. ಕೆಂಪು ಲೋಳೆ ಬಂದರೆ ಹೆಚ್ಚಾಗಿ ದೀಪದ ತಪ್ಪಲ್ಲ, ನೀರನ್ನೇ ಮೊದಲು ಪರೀಕ್ಷಿಸಿ. ಪಾರ್ ಮೀಟರ್ ಕೈಗೆ ಸಿಕ್ಕರೆ ಮೃದು ಹವಳಕ್ಕೆ 50ರಿಂದ 100, ದೊಡ್ಡ ಬಾಯಿಯ ಗಟ್ಟಿ ಹವಳಕ್ಕೆ 100ರಿಂದ 150, ಸಣ್ಣ ಬಾಯಿಯವಕ್ಕೆ 200ರಿಂದ 350ರ ಲೆಕ್ಕ ಇಟ್ಟುಕೊಳ್ಳಿ.

ಸತ್ತ ಹವಳದ ಜಾಗ ತುಂಬಲು ನೇತ್ರಾಣಿ ದ್ವೀಪದ ಕಡೆಯಿಂದ ಏನಾದರೂ ತರುವ ಯೋಚನೆ ಬೇಡ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ.

ರಿಪೇರಿಯಾದ ದೀಪವನ್ನು ಹಳೆಯ ಅಂಕಿಗೆ ನೇರವಾಗಿ ಏರಿಸಬೇಡಿ. ಉಪ್ಪಿನ ಪೊರೆ ಮುಚ್ಚಿದ ಹಾಳೆಯಡಿ ತಿಂಗಳುಗಟ್ಟಲೆ ಮಂದ ಬೆಳಕಿಗೆ ಒಗ್ಗಿದ ಹವಳಕ್ಕೆ, ಒರೆಸಿದ ಮರುದಿನದ ಶೇ. 70 ಎಂದರೆ ಮಳೆಗಾಲದ ಕತ್ತಲೆ ಕೋಣೆಯಿಂದ ಏಪ್ರಿಲ್ ಮಧ್ಯಾಹ್ನಕ್ಕೆ ತಳ್ಳಿದ ಹಾಗೆ. ಶೇ. 35ರಿಂದ ಶುರು ಮಾಡಿ, ವಾರಕ್ಕೆ 5ರಂತೆ ಏರಿಸಿ, ದಿನಕ್ಕೆ 8 ಗಂಟೆ ಇರಲಿ. ನಡುವೆ ಎಲ್ಲಾದರೂ ತುದಿ ಬಿಳಚತೊಡಗಿದರೆ ಎರಡು ವಾರ ಹಿಂದಿನ ಅಂಕಿಗೆ ಇಳಿದು ಅಲ್ಲೇ ನಿಲ್ಲಿಸಿ.